ಹೊಳೆಬಾಗಿಲಿನ ಲಾಂಚು

ದ್ವೀಪವೆಂದೊಡನೆ ಬಯಲುಸೀಮೆಯ ಬಾಲಕನ ಕಣ್ಣಿಗೆ ಕಟ್ಟುವುದು ಭೂಪಟದ ನೀಲಿಯ ನಡುವೆ ಎಳ್ಳು ಚೆಲ್ಲಿದಂತೆ ಕಾಣುವ ಲಕ್ಷದ್ವೀಪ. ವಿಜಯಪುರ ಜಿಲ್ಲೆಯ ಗೊಳಸಂಗಿಯ ಎರೆಹೊಲದಲ್ಲಿ ನಿಂತವನಿಗೆ ಸಮುದ್ರವೇ ದೂರ. ಇನ್ನು ದ್ವೀಪದ ಮಾತೇಕೆ? ಆದರೆ ಆ ಸೀಮೆಯ ಹೊಳೆಯಾದ ಕೃಷ್ಣೆಯೇ ರಾಯಚೂರಿನ ಕಡೆಗೆ ಸಾಗಿದಾಗ ಕವಲೊಡೆದು, ಕುರ್ವಕಲಾ, ಕುರ್ವಕುರ್ದಾ ಮೊದಲಾದ ಹಳ್ಳಿಗಳನ್ನು ತನ್ನ ನಡುವೆ ಇರಿಸಿಕೊಂಡಿದ್ದಾಳೆ. ಕುರುವವೆಂದರೆ ನಡುಗಡ್ಡೆ ಎಂದೇ ಅರ್ಥ. ಬಿದಿರಿನಿಂದ ಹೆಣೆದು ಚರ್ಮ ಹೊದಿಸಿದ ದುಂಡನೆಯ ಹರಿಗೋಲು ಅಲ್ಲಿಯವರಿಗೆ ತಲೆತಲಾಂತರದಿಂದ ಹೆದ್ದಾರಿಯಾಗಿತ್ತು.

ಇವು ಪ್ರಕೃತಿಯು ಮಾಡಿದ ದ್ವೀಪಗಳು. ಮನುಷ್ಯನು ಮಾಡಿದ ದ್ವೀಪಗಳೂ ಉಂಟು. ಗೊಳಸಂಗಿಗೆ ಸಮೀಪದ ಆಲಮಟ್ಟಿಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟ 1964ರಲ್ಲಿಯೇ ಮಲೆನಾಡಿನ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡಿತು. ನೀರು 1819 ಅಡಿಗಳ ಮಟ್ಟಕ್ಕೆ ಏರತೊಡಗಿದಂತೆ ಗದ್ದೆ, ತೋಟ, ಗುಡಿ, ದಾರಿಗಳು ಒಂದೊಂದಾಗಿ ಮುಳುಗಿದವು. 1948ರಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿತು! ಒಂದು ಅಣೆಕಟ್ಟು ಇನ್ನೊಂದನ್ನು ನುಂಗಿದ ಈ ವಿಚಿತ್ರವನ್ನು ನೀರು ತೀರ ಇಳಿದ ಬೇಸಗೆಯಲ್ಲಿ ಇಂದಿಗೂ ಕಾಣಬಹುದು.

ಮುಳುಗಿದ ಊರುಗಳ ಜನ ಮೂಟೆ ಕಟ್ಟಿ ಬೇರೆ ಕಾಡುಗಳಿಗೆ ಹೋದರು. ಅವರಲ್ಲಿ ಅನೇಕರು ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆಯಬೇಕಾಯಿತು. ಮುಳುಗದೆ ಉಳಿದವರ ಕಷ್ಟ ಬೇರೊಂದು ಬಗೆಯದು. ಸಾಗರ ತಾಲ್ಲೂಕಿನ ತುಮರಿ ಮತ್ತು ಅದರ ಸುತ್ತಲಿನ ಹಳ್ಳಿಗಳ ಒಂದು ಕಡೆ ಹಿನ್ನೀರು ಹರಡಿತು. ಇನ್ನೊಂದು ಕಡೆ ಸಹ್ಯಾದ್ರಿಯ ದಟ್ಟವಾದ ಅಡವಿ. ಭೂಗೋಳ ಶಾಸ್ತ್ರದ ಪ್ರಕಾರ ಅದು ದ್ವೀಪವಲ್ಲ. ಕಾಡುದಾರಿಯನ್ನು ಬಹುದೂರ ಸುತ್ತಿ ಬಂದರೆ ಸಾಗರವನ್ನು ತಲಪಬಹುದಿತ್ತು. ಆದರೆ ಹೆರಿಗೆಯ ನೋವು ತಿನ್ನುತ್ತಿರುವ ಹೆಣ್ಣುಮಗಳ ಮುಂದೆ ಭೂಗೋಳದ ಲಕ್ಷಣವನ್ನು ಹೇಳಿ ಪ್ರಯೋಜನವೇನು? ಜನರು ತಮ್ಮ ನೆಲವನ್ನು ದ್ವೀಪವೆಂದೇ ಕರೆದರು.

ಆ ದ್ವೀಪದ ಬಾಗಿಲನ್ನು ತೆರೆದು ಮುಚ್ಚುತ್ತಿದ್ದುದು ಹೊಳೆಬಾಗಿಲಿನ ಲಾಂಚು. ಅಂಬಾರಗೋಡ್ಲು ದಡದಿಂದ ಎದುರಿನ ಕಳಸವಳ್ಳಿಗೆ ಅದರ ಪಯಣ. ಚಪ್ಪಟೆಯಾದ ಕಬ್ಬಿಣದ ಒಡಲು. ದಡಕ್ಕೆ ತಾಗಿದೊಡನೆ ಹಲಗೆಯು ನೆಲಕ್ಕೆ ಒರಗುತ್ತಿತ್ತು. ಅದರ ಮೇಲೆ ಬಸ್ಸೊಂದು ಏದುಸಿರು ಬಿಡುತ್ತ ಮೆಲ್ಲಗೆ ಏರಿದ ಮೇಲೆ ಜೀಪು, ಕಾರು, ಬೈಕುಗಳು ಉಳಿದ ಎಡೆಯನ್ನು ತುಂಬುತ್ತಿದ್ದವು. ಅಡಿಕೆಯ ಮೂಟೆ, ದಿನಸಿಯ ಚೀಲ, ಶಾಲೆಗೆ ಹೊರಟ ಮಕ್ಕಳು, ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಹೊರಟ ದೂರದ ಯಾತ್ರಿಕರು, ಎಲ್ಲರಿಗೂ ಅದೊಂದೇ ಅಂಗಳ. ಯಾತ್ರಿಕರು ನೀರಿನಿಂದ ತಲೆಯೆತ್ತಿ ನಿಂತ ಒಣಮರದ ಬೊಡ್ಡೆಗಳ ಚಿತ್ರ ತೆಗೆಯುತ್ತಿದ್ದರು. ಊರಿನ ಮುದುಕರಿಗೆ ಆ ಬೊಡ್ಡೆ ಯಾರ ಹಿತ್ತಿಲಿನದೆಂಬುದು ನೆನಪಿನಲ್ಲಿತ್ತು.

ಲಾಂಚಿನ ವೇಳೆಯೇ ಊರಿನ ವೇಳೆಯಾಯಿತು. ಮದುವೆಗೆ ಹೋದವರು ಊಟ ಮುಗಿಯುವ ಮುನ್ನವೇ ಗಡಿಯಾರ ನೋಡುತ್ತಿದ್ದರು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ರಾತ್ರಿಯನ್ನು ಈಚೆಯ ದಡದಲ್ಲಿಯೇ ಕಳೆಯಬೇಕು. ಕಾಯಿಲೆಗೆ ಮಾತ್ರ ಗಡಿಯಾರವಿಲ್ಲವಷ್ಟೆ. ನಡುರಾತ್ರಿಯಲ್ಲಿ ಎದೆನೋವು ಕಾಣಿಸಿಕೊಂಡರೆ ಕಾಡುದಾರಿಯೇ ಗತಿ. ಮಳೆ ತಡವಾದ ವರ್ಷಗಳ ಕಥೆ ಇನ್ನೊಂದು. 2023ರ ಜೂನ್ ತಿಂಗಳಲ್ಲಿ ಹಿನ್ನೀರು ಇಳಿದು, ಲಾಂಚಿನಲ್ಲಿ ವಾಹನ ಸಾಗಿಸುವುದನ್ನೇ ನಿಲ್ಲಿಸಬೇಕಾಯಿತು. ನೀರು ಏರಿದ್ದರಿಂದ ದಾರಿ ಹೋಯಿತು. ನೀರು ಇಳಿದರೆ ಲಾಂಚೂ ಹೋಯಿತು! ನಾಡಿನ ಮನೆಗಳಿಗೆ ವಿದ್ಯುತ್ತನ್ನು ಕಳುಹಿಸಿದ ಈ ನೀರಿನ ದಡದಲ್ಲಿ ಅನೇಕ ಮನೆಗಳು ಬಹುಕಾಲ ಸೀಮೆಎಣ್ಣೆಯ ದೀಪದಲ್ಲಿಯೇ ಇದ್ದವೆಂಬುದನ್ನು ಹೇಳದಿದ್ದರೆ ತಪ್ಪಾದೀತು.

ಸೇತುವೆಗಾಗಿ ಅರ್ಜಿಗಳು, ಸಭೆಗಳು, ಪಾದಯಾತ್ರೆಗಳು ನಡೆದವು. ಕೇಳಿದವರ ಮಕ್ಕಳು ಕೇಳುವವರಾದರು. ಕಡೆಗೆ 2025ರ ಜುಲೈ 14ರಂದು 2.44 ಕಿಲೋಮೀಟರ್ ಉದ್ದದ ಸೇತುವೆಯು ಸಂಚಾರಕ್ಕೆ ತೆರೆಯಿತು. ನಡುಭಾಗದಲ್ಲಿ ಎತ್ತರದ ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು ಅದನ್ನು ಎತ್ತಿ ಹಿಡಿದಿವೆ. ಅಣೆಕಟ್ಟು ಮುಗಿದು ಆಗಲೇ 61 ವರ್ಷಗಳಾಗಿದ್ದವು.

ಸರತಿಯಲ್ಲಿ ಗಂಟೆಗಟ್ಟಲೆ ಕಾಯಬೇಕಾಗಿದ್ದ ಹಾದಿ ಈಗ ಕೆಲವೇ ನಿಮಿಷಗಳದು. ಕಾಯುವವರನ್ನು ನಂಬಿಕೊಂಡು ದಡದಲ್ಲಿ ಚಹಾ, ಮಂಡಕ್ಕಿ ಮಾರುತ್ತಿದ್ದವರ ಪಾಡೇನೆಂದು ಕೇಳಿದವರು ವಿರಳ. ಲಾಂಚಿನ ಮೇಲೆ ಒಬ್ಬರಿಗೊಬ್ಬರು ಬಿತ್ತರಿಸುತ್ತಿದ್ದ ಊರಿನ ಸುದ್ದಿಗೂ ಈಗ ಬಿಡುವಿಲ್ಲ. ಅದನ್ನು ನೆನೆದು ಮರುಗುವ ಹಿರಿಯರೂ ಉಂಟು. ಆದರೆ ಲಾಂಚೇ ಇರಲಿ, ಸೇತುವೆ ಬೇಡ ಎಂದವರನ್ನು ಮಾತ್ರ ತುಮರಿಯಲ್ಲಿ ಹುಡುಕಬೇಕು. ಸಂಜೆಯ ಬೆಳಕು ಹಿನ್ನೀರಿನ ಮೇಲೆ ಕಂದುವಾಗ ಸಾಗರದ ಪೇಟೆಗೆ ಹೋದವರು ಗಡಿಯಾರವನ್ನು ನೋಡದೆ ಇನ್ನೊಂದು ಅಂಗಡಿಯನ್ನು ಹೊಕ್ಕುತ್ತಾರೆ.