ಐದು ಸಾಲಿನ ಸಾವು

ಮರಳು ಲಾರಿ ಹಾಯ್ದು ಹುಡುಗನೊಬ್ಬ ಸತ್ತ ರಾತ್ರಿ ನಾವು ಮೂವರು ಸ್ಟ್ರಿಂಗರ್‌ಗಳು ಸ್ಥಳದಲ್ಲಿದ್ದೆವು. ಲಾರಿ ಯಾರದೆಂದು ಊರಿಗೆಲ್ಲ ಗೊತ್ತಿತ್ತು. ಎಫ್‌ಐಆರ್‌ನಲ್ಲಿ ಬಂದದ್ದು 'ಅಪರಿಚಿತ ವಾಹನ'. ಮೂವರಿಗೂ ಡೆಸ್ಕಿನಿಂದ ಒಂದೇ ಮಾತು: "ಜಾಗ ಇಲ್ಲ, ಐದು ಸಾಲಿನಲ್ಲಿ ಮುಗಿಸಿ." ಮುಗಿಸಿದೆವು.

ಅಂಥ ರಾತ್ರಿ ನಿದ್ದೆ ಬಾರದಾಗ ನಾವು ಓದುವುದು ಅಮೆರಿಕದ ಡ್ಯಾಶಿಯೆಲ್ ಹ್ಯಾಮೆಟ್‌ನ ಕೊಲೆ ಕತೆಗಳನ್ನು. ಲೈಬ್ರರಿಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಓದಿ ಬೆಳೆದವರು ನಾವು. ಕೊನೆಗೆ ಅಪರಾಧಿ ಸಿಕ್ಕಿಬಿದ್ದರೆ ಸಮಾಧಾನವಾಗುತ್ತಿತ್ತು. ಹ್ಯಾಮೆಟ್ ಆ ಸಮಾಧಾನ ಕೊಡುವುದಿಲ್ಲ. ಆದರೂ ಬಿಡಲಾಗುವುದಿಲ್ಲ.

ಅವನು 1915ರಲ್ಲಿ ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಕಂಪನಿ ಸೇರಿದವನು. ಜನರ ಬೆನ್ನು ಹತ್ತುವುದು, ಕಂಡದ್ದನ್ನು ವರದಿ ಬರೆಯುವುದು ಕೆಲಸ. ಕ್ಷಯ ಹಿಡಿದು ಆ ಕೆಲಸ ಬಿಟ್ಟ ಮೇಲೆ 'ಬ್ಲ್ಯಾಕ್ ಮಾಸ್ಕ್' ಎಂಬ ಅಗ್ಗದ ಪತ್ರಿಕೆಗೆ ಕತೆ ಬರೆದ. 1923ರಲ್ಲಿ ಅವನ ಪತ್ತೇದಾರ ಬಂದ: ಗಿಡ್ಡ, ದಪ್ಪ, ನಡುವಯಸ್ಸು, ಹೆಸರೇ ಇಲ್ಲ. ನಮ್ಮ ಸುದ್ದಿಗೂ ಹೆಸರು ಬೀಳುವುದಿಲ್ಲವಲ್ಲ, ಅದಕ್ಕೇ ಇರಬೇಕು, ಮೊದಲ ಪುಟಕ್ಕೇ ಅವನು ನಮ್ಮವನಾದ.

ಅವನಿಗೆ ದುಃಖವಾಯಿತು, ಸಿಟ್ಟು ಬಂತು ಅಂತ ಹ್ಯಾಮೆಟ್ ಬರೆಯುವುದಿಲ್ಲ. ಕೈ ಏನು ಮಾಡಿತು, ಬಾಯಿ ಏನು ಅಂದಿತು, ಅಷ್ಟೇ. ಉಳಿದದ್ದು ಓದುವವರಿಗೆ ಬಿಟ್ಟದ್ದು.

1929ರಲ್ಲಿ ಬಂದ 'ರೆಡ್ ಹಾರ್ವೆಸ್ಟ್' ಒಂದು ಗಣಿ ಊರಿನ ಕತೆ. ಕೂಲಿಕಾರರ ಮುಷ್ಕರ ಮುರಿಯಲು ಗಣಿ ಧಣಿ ರೌಡಿಗಳನ್ನು ಕರೆಸುತ್ತಾನೆ. ಮುಷ್ಕರ ಮುರಿಯುತ್ತದೆ, ರೌಡಿಗಳು ಊರು ಬಿಡುವುದಿಲ್ಲ. ಕತೆಯಲ್ಲಿ ಮೊದಲು ಕೊಲೆಯಾಗುವವನು ಪತ್ರಿಕೆ ನಡೆಸುತ್ತಿದ್ದ ಧಣಿಯ ಮಗನೇ. ಆಮೇಲೆ ರೌಡಿಗಳು ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ಕೊನೆಗೆ ಊರು ಮತ್ತೆ ಅದೇ ಧಣಿಯ ಕೈಗೆ. ಗಣಿ ಕಂಡ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊಲೆಗಾರ ಸಿಗುವುದು ಬೇರೆ, ಊರು ನೆಟ್ಟಗಾಗುವುದು ಬೇರೆ. ಇದನ್ನು ಸುಳ್ಳಿಲ್ಲದೆ ಹೇಳುವುದಕ್ಕೇ ಈ ಕತೆಗಳು ನಮಗೆ ಹಿಡಿಸುವುದು. ಅವನ ಸಾಲು ಚಿಕ್ಕದು, ಆದರೆ ಲಾರಿ ಯಾರದೆಂಬುದು ಅದರಲ್ಲಿರುತ್ತದೆ. ನಮ್ಮ ಸಾಲೂ ಚಿಕ್ಕದೇ. ಅದೊಂದೇ ಇರುವುದಿಲ್ಲ.

ಮುಂದಿನ ಸಂತೆಯಲ್ಲಿ ಹುಡುಗನ ಅಪ್ಪ ಸಿಕ್ಕರು. "ಲಾರಿ ಅಂತಾನಾದ್ರೂ ಬರೀಬಹುದಿತ್ತಲ್ಲ ಸಾರ್" ಅಂದರು. ನಮ್ಮ ಹತ್ತಿರ ಉತ್ತರವಿರಲಿಲ್ಲ.

ಆ ರಾತ್ರಿಯ ನೋಟ್‌ಬುಕ್ ಇದೆ. ಟೈರಿನ ಗುರುತು, ರಸ್ತೆಗೆ ಚೆಲ್ಲಿದ ಒದ್ದೆ ಮರಳು, ಯಾರು ಎಷ್ಟು ಗಂಟೆಗೆ ಬಂದರು, ಎಲ್ಲ ಬರೆದಿದೆ. ಕೋರ್ಟು ಕರೆದರೆ ಒಯ್ಯುತ್ತೇವೆ.