ತೂಗುವ ಸೊಪ್ಪು, ಕುಕ್ಕುವ ಕೋಳಿ

ಕೊಳ್ಳೇಗಾಲದಿಂದ ಮಳವಳ್ಳಿ ರಸ್ತೆಯಲ್ಲಿ ಹೊರಟರೆ ಸತ್ತೇಗಾಲ ಸಿಗುತ್ತದೆ. ಬಂದವರೆಲ್ಲ ಭರಚುಕ್ಕಿ ಜಲಪಾತ ನೋಡಲು ಓಡುತ್ತಾರೆ. ಮಕ್ಕಳೇ, ನಾನು ಒಂದು ಹಿತ್ತಲಿನಲ್ಲಿ ನಿಂತುಬಿಟ್ಟೆ.

ನಾಯಿ, ಮುಂಗುಸಿಗಳ ಭಯಕ್ಕೆ ಅಲ್ಲಿ ನಾಟಿಕೋಳಿಗಳನ್ನು ಬಲೆಯೊಳಗೆ ಕೂಡಿದ್ದರು. ಕೆದಕಲು ತಿಪ್ಪೆಯಿಲ್ಲ, ಹಿಡಿಯಲು ಹುಳುವಿಲ್ಲ. ಬೇಸರಕ್ಕೆ ಒಂದರ ಗರಿಯನ್ನು ಇನ್ನೊಂದು ಕಿತ್ತು, ಒಂದು ಹೇಂಟೆಯ ಬೆನ್ನೇ ಬೋಳಾಗಿ ರಕ್ತ ಬಂದಿತ್ತಂತೆ. ಮನೆಯಾಕೆ ಅದನ್ನು ಬೇರೆ ಇಟ್ಟು, ಉಳಿದವುಗಳಿಗೆ ನುಗ್ಗೆಸೊಪ್ಪಿನ ಕಟ್ಟು ತೂಗುಹಾಕಿದರು. ಕುಕ್ಕಿದರೆ ಕಟ್ಟು ಅತ್ತ ಹೋಗುತ್ತದೆ, ಮತ್ತೆ ಇತ್ತ ಬರುತ್ತದೆ. ಹೊತ್ತು ಹೋದದ್ದೇ ಗೊತ್ತಾಗದು!

“ಕೊಕ್ಕಿಗೆ ಕೆಲ್ಸ ಸಿಕ್ಕಿದ್ರೆ ಜಗ್ಳ ಮರೀತವೆ ಸ್ವಾಮಿ” ಎಂದರು. ಬೋಳು ಬೆನ್ನಿನಲ್ಲಿ ಹೊಸ ಗರಿ ಮೂಡಿತ್ತು.

ನೀವೂ ಎಲೆಕೋಸು, ಮೂಲಂಗಿ ಸೊಪ್ಪು ಕಟ್ಟಿ ನೋಡಿ. ಕಟ್ಟು ಕೋಳಿಯ ತಲೆಯ ಮಟ್ಟಕ್ಕಿರಲಿ. ದಾರ ಉದ್ದ ಬಿಡಬೇಡಿ, ಕಾಲಿಗೆ ಸುತ್ತಿಕೊಳ್ಳುತ್ತದೆ. ಬಾಡಿದ್ದನ್ನು ಸಂಜೆ ತೆಗೆಯಿರಿ. ಇದು ತಿಂಡಿ ಮಾತ್ರ. ಹೊಟ್ಟೆಗೆ ಕಾಳು, ನೀರು ಎಂದಿನಂತೆ ಬೇಕೇ ಬೇಕು.