ನಡುಗುವ ಗೆರೆ

ಸಿಂಧನೂರಿಗೂ ಲಿಂಗಸುಗೂರಿಗೂ ನಡುವೆ ಮಸ್ಕಿ. ಅಶೋಕನ ಹೆಸರನ್ನೇ ಹೊತ್ತ ಬಂಡೆಯ ಶಾಸನ 1915ರಲ್ಲಿ ಬೆಳಕಿಗೆ ಬಂದ ಊರು. ಆ ಕಡೆಯ ರೈತರೊಬ್ಬರು, ತೀರಿಹೋದ ತಂದೆಯ ಸಹಿಯಿದ್ದ ಹಳೆಯ ಚೀಟಿಯೊಂದನ್ನು ಹಿಡಿದು ಸಿಂಧನೂರಿನ ರೇಡಿಯಂ ಅಂಗಡಿಗೆ ಬಂದರು. ಟ್ರ್ಯಾಕ್ಟರಿನ ಮೇಲೆ ಹೆಸರು ಆ ಕೈಬರಹದಲ್ಲೇ ಇರಬೇಕು.

ಅಂಗಡಿಯ ಹುಡುಗ ಚೀಟಿಯ ಫೋಟೋ ತೆಗೆದ. ಆದರೆ ಫೋಟೋ ಎಂದರೆ ಬರಿಯ ಚುಕ್ಕೆಗಳ ರಾಶಿ. ಕತ್ತರಿಸುವ ಯಂತ್ರದ ಅಲಗಿಗೆ ಬೇಕಾದುದು ನಡೆಯಲೊಂದು ಗೆರೆ. ಗೆರೆ ಎಳೆಯುವುದನ್ನು ಕಂಪ್ಯೂಟರಿಗೇ ಬಿಟ್ಟರೆ ಅದು ಕಾಗದದ ಮಡಿಕೆಯನ್ನೂ ಅಕ್ಷರವೆಂದೇ ಬಗೆದು ನೂರಾರು ಬಿಂದುಗಳನ್ನು ಸುರಿಯುತ್ತದೆ. ಅಲಗು ಅವುಗಳ ಮೇಲೆ ತಡವರಿಸಿ ಹಾಳೆ ಹರಿಯುತ್ತದೆ. ಆದುದರಿಂದ ಆತ ಕೋರಲ್‌ಡ್ರಾದಲ್ಲಿ ತಾನೇ ಗೆರೆ ತಿದ್ದಿದ. ಒತ್ತಕ್ಷರವು ಮೇಲಿನ ಅಕ್ಷರವನ್ನು ಹಾಯ್ದಲ್ಲಿ ಎರಡನ್ನೂ ಬೆಸೆದ. ಇಲ್ಲವಾದರೆ ಅಲಗು ಅಲ್ಲಿಯೂ ಕೊಯ್ದುಬಿಡುವುದು. ಬಿಂದುಗಳು ಕಡಮೆಯಾದವು, ಗೆರೆ ನುಣುಪಾಯಿತು.

ರೈತರು ಪರದೆಯನ್ನು ಬಹಳ ಹೊತ್ತು ನೋಡಿದರು.

“ಇದು ನಮ್ಮಪ್ಪಂದಲ್ಲೋ ತಮ್ಮಾ. ಅವನ ಕೈ ನಡಗ್ತಿತ್ತು.”

ಚೊಕ್ಕಟತನವೂ ಒಮ್ಮೊಮ್ಮೆ ಅನ್ಯಾಯವೇ, ಪಾಪ! ಹುಡುಗ ಮತ್ತೆ ಕುಳಿತ. ಮಡಿಕೆಯ ಬಿಂದುಗಳನ್ನು ಬಿಟ್ಟು, ನಡುಕದವನ್ನಷ್ಟೇ ಒಂದೊಂದಾಗಿ ಮರಳಿ ಇಟ್ಟ. ಬೇಡದ ಚೂರುಗಳನ್ನು ಸೂಜಿಯಿಂದ ಎತ್ತುವಾಗ ಕೊನೆಯ ಸೊನ್ನೆ ಹರಿಯಿತು. ಎರಡನೆಯ ಸಲ ಕೂಡಿಬಂದಿತು.

ಸಂಜೆ ಟ್ರ್ಯಾಕ್ಟರು ಹೊರಡುವ ಮುನ್ನ ರೈತರು ಆ ಸಹಿಯ ಮೇಲೆ ಬೆರಳಾಡಿಸಿ, ಚೀಟಿಯನ್ನು ಮಡಿಚಿ ಜೇಬಿನಲ್ಲಿಟ್ಟರು.